ಸಭೆಗೆ ಹೋಗುತ್ತಿದ್ದವನು ನಾನು

ಆರೈಕೆದಾರರ ಸಭೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡವರು ತಿಂಗಳಿಗೊಂದು ಶನಿವಾರ ಇಂದಿರಾನಗರದ ಹಾಲ್ ಒಂದರಲ್ಲಿ ಸೇರುತ್ತಿದ್ದೆವು. ಹೊಸಬರು ಬಂದು ಹೆಸರು ಹೇಳುವ ಮೊದಲೇ ಅಳಲು ಶುರುಮಾಡಿದರೆ, ಸಭೆ ನಡೆಸುವವರು ನನ್ನ ಕಡೆ ನೋಡುವರು. ನಾನು ಗಂಟಲು ಸರಿಮಾಡಿಕೊಳ್ಳುವೆ. ಸಂಜೆಯಾದ ಕೂಡಲೇ ಅಮ್ಮ "ಮನೆಗೆ ಹೋಗೋಣ" ಎಂದು ಹಟ ಹಿಡಿದರೆ "ಇದೇ ಕಣಮ್ಮ ನಿನ್ನ ಮನೆ" ಅಂತ ವಾದಕ್ಕಿಳಿಯಬೇಡಿ, "ಕಾಫಿ ಕುಡಿದು ಹೊರಡೋಣ" ಅನ್ನಿ. ಬಳೆ ಕಳವಾಗಿದೆ ಅಂದರೆ ಜೊತೆಗೆ ಕೂತು ಹುಡುಕಿ, ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ. ಎಲ್ಲರೂ ತಲೆಯಾಡಿಸುವರು. ಒಬ್ಬಿಬ್ಬರು ಬರೆದುಕೊಳ್ಳುವುದೂ ಇತ್ತು.

ಕಾಫಿಯ ಉಪಾಯ ನನ್ನ ಹೆಂಡತಿಯದು. ಬಳೆ ಕದ್ದವಳು ಅನ್ನಿಸಿಕೊಂಡವಳೂ ಅವಳೇ. ಇವೆರಡನ್ನೂ ನಾನು ಸಭೆಯಲ್ಲಿ ಹೇಳುತ್ತಿರಲಿಲ್ಲ.

ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದಿಂದ ಕೂಗಳತೆಯಲ್ಲಿ. ಅಪ್ಪ ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ದವರು. ಅಮ್ಮ ಈ ಬೀದಿಯ ಎಲ್ಲ ಹೆಂಗಸರ ಹಾಗೆ ಮನೆಯಲ್ಲಿ ಕನ್ನಡ, ನಲ್ಲಿಯ ಹತ್ತಿರ ತಮಿಳು, ತರಕಾರಿಯವನ ಜೊತೆ ತೆಲುಗು, ರಸೆಲ್ ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ಬೇಕಾದಷ್ಟು ಉರ್ದು ಆಡುತ್ತಿದ್ದರು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಅವರ ತಂಡ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ತಡವಾಗಿಯೇ ಬಂದಿರಬೇಕು, ಆದರೆ ಬಂತು. ಮೊದಲು ಉಪ್ಪು ಎರಡು ಸಲ ಬೀಳತೊಡಗಿತು. ಆಮೇಲೆ ಸಿಎಂಎಚ್ ರಸ್ತೆಯಲ್ಲಿ ದಾರಿ ತಪ್ಪಿದರು. 2011ರಲ್ಲಿ ಮೆಟ್ರೊ ಓಡುವುದಕ್ಕೂ ಮುಂಚೆ ಅಲ್ಲಿದ್ದ ಅಂಗಡಿಗಳನ್ನು ಗುರುತಿಟ್ಟುಕೊಂಡು ಹುಡುಕಿದರಂತೆ.

ನಾನು ಅಕ್ಕರೆಯಿಲ್ಲದ ಮಗನೇನಲ್ಲ. ಡಾಕ್ಟರ ಹತ್ತಿರ ಕರೆದೊಯ್ಯುವುದು, ಮಾತ್ರೆ ತರುವುದು, ಕಾಯಿಲೆಯ ಬಗ್ಗೆ ಓದುವುದು ನನ್ನ ಪಾಲಿನದಾಗಿತ್ತು. ಓದುವುದನ್ನು ಸ್ವಲ್ಪ ಹೆಚ್ಚೇ ಮಾಡಿದೆ. 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬ 2023ರ ಅಂದಾಜು ನನಗೆ ಬಾಯಿಪಾಠ. ನಮ್ಮ ದೇಶದ ಆಲ್‌ಝೈಮರ್ ಸಂಘವನ್ನು 1992ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಕಟ್ಟಿದ್ದು, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಮ್ಮ ಕಸ್ತೂರಿನಗರದಲ್ಲೇ ಡಿಮೆನ್ಷಿಯಾದವರಿಗಾಗಿ ಕೇಂದ್ರ ನಡೆಸುತ್ತಿರುವುದು, ಎಲ್ಲ ಗೊತ್ತಿತ್ತು. ಗೋವಾದಲ್ಲಿ 81 ಕುಟುಂಬಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವನ್ನಂತೂ ಸಭೆಯಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಮನೆಮನೆಗೆ ಹೋಗಿ ಕೂತು, ನೋಡಿಕೊಳ್ಳುವವರ ಜೊತೆ ಮಾತಾಡಿ, ದಾರಿ ಹೇಳಿಕೊಟ್ಟರು. ನೋಡಿಕೊಳ್ಳುವವರ ಮನಸ್ಸಿನ ಹೊರೆ ಇಳಿಯಿತು. ಅವರು ಯಾಕೆ ಜನರನ್ನು ಸಭೆಗೆ ಕರೆಯದೆ ತಾವೇ ಮನೆಗೆ ಹೋದರು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದನ್ನು ಹೊಳೆಸಿದವರು ಶಿವಾಜಿನಗರದ ಒಬ್ಬ ಹೆಣ್ಣುಮಗಳು. ಮಾವನನ್ನು ನೋಡಿಕೊಳ್ಳುತ್ತಿದ್ದರು. ಸಭೆಯಲ್ಲಿ ಮಾತು ಕಮ್ಮಿ. ಒಂದು ಶನಿವಾರ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದರು.

"ಸಾರ್, ಈಗ ನಿಮ್ಮಮ್ಮನ ಹತ್ರ ಯಾರಿದ್ದಾರೆ?"

"ನನ್ನ ಮಿಸೆಸ್."

"ಅವರು ಮೀಟಿಂಗಿಗೆ ಯಾವಾಗ ಬರ್ತಾರೆ? ನಮ್ಮನೇಲಿ ಮೂರು ಜನ ಸೊಸೆಯಂದಿರು, ಪಾಳಿ ಹಾಕ್ಕೊಂಡಿದ್ದೀವಿ. ಈ ತಿಂಗಳು ನಂದು."

ನಾನೇನೋ ಹಲ್ಲು ಕಿರಿದೆ. ಸುತ್ತ ನೋಡಿದೆ. ನಮ್ಮ ಸಭೆಯಲ್ಲಿ ರಿಟೈರಾದ ಗಂಡಸರೇ ಹೆಚ್ಚಿದ್ದೆವು, ಇಸ್ತ್ರಿಯ ಶರ್ಟು ಹಾಕಿಕೊಂಡು. ಅವರ ಮನೆಗಳಲ್ಲೂ ಆ ಹೊತ್ತಿಗೆ ಯಾರೋ ಒಬ್ಬರು ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗಿರಬೇಕು. "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಬಂದಾಗ ಥಿಯೇಟರಿನಲ್ಲಿ ನಾನು ಅತ್ತಿದ್ದೆ. ಅನಂತನಾಗ್ ಕಳೆದುಹೋಗುತ್ತಾರೆ, ಮಗ ಊರೆಲ್ಲ ಹುಡುಕುತ್ತಾನೆ. ಆದರೆ ಅಲ್ಲಿ ತಂದೆ ಇರುವುದು ಆರೈಕೆ ಕೇಂದ್ರದಲ್ಲಿ, ಒದ್ದೆ ಹಾಸಿಗೆ ಬದಲಿಸುವ ಹೆಂಡತಿ ಕಥೆಗೆ ಬೇಕಾಗಿಲ್ಲ. ನನಗೂ ಬೇಕಾಗಿರಲಿಲ್ಲ ಅಂತ ಕಾಣುತ್ತದೆ.

ಮುಂದಿನ ಸಭೆಗೆ ನೀನು ಹೋಗು ಅಂದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. "ಅತ್ತೆಗೆ ಮೂರು ಗಂಟೆಗೆ ಬಚ್ಚಲಿಗೆ ಕರ್ಕೊಂಡು ಹೋಗ್ಬೇಕು, ಮರೀಬೇಡಿ" ಎಂದು ಹೊರಟಳು.

ಮರೆತೆ. ಫೋನಿನಲ್ಲಿದ್ದೆ. ಬಂದು ನೋಡಿದರೆ ಅಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಸೀರೆ ಮಂಡಿಯ ತನಕ ನೆನೆದಿದೆ, ನೆರಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. ಹತ್ತಿರ ಹೋದರೆ "ಯಾರಪ್ಪ ನೀನು, ಆಚೆ ಹೋಗು" ಅಂದರು. "ನಾನಮ್ಮ, ನಿನ್ನ ಮಗ" ಅಂದೆ. ಸಭೆಯಲ್ಲಿ ಮಾಡಬೇಡಿ ಅಂತ ಹೇಳುತ್ತಿದ್ದುದನ್ನೆಲ್ಲ ಒಂದೊಂದಾಗಿ ಮಾಡಿದೆ: ವಾದಿಸಿದೆ, ಪರೀಕ್ಷೆ ಮಾಡುವವನ ಹಾಗೆ ಹೆಸರು ಕೇಳಿದೆ, ಕೊನೆಗೆ ಜೋರು ಮಾಡಿ ಸೆರಗಿಗೆ ಕೈ ಹಾಕಿದೆ. ಅಮ್ಮ ಕಿರುಚಿದರು. ಮಗನ ಎದುರು ಸೀರೆ ಬಿಡಿಸಿಕೊಳ್ಳದಷ್ಟು ಮರ್ಯಾದೆ ಅವರಿಗಿನ್ನೂ ನೆನಪಿತ್ತು, ಮಗ ಮಾತ್ರ ನೆನಪಿರಲಿಲ್ಲ.

ಆ ಕೂಗಿಗೆ ಕೆಳಗಿನ ಮನೆಯ ತಮಿಳು ಆಂಟಿ ಮೆಟ್ಟಿಲು ಹತ್ತಿ ಬಂದರು. ಅವರಿಂದಲೇ ನಾನು ಈ ವಿಷಯವನ್ನು ಮುಚ್ಚಿಟ್ಟಿದ್ದೆ. "ವಯಸ್ಸಾಯ್ತಲ್ಲ, ಅರಳು ಮರಳು" ಅಂತ ಹೇಳಿ ಗ್ರಿಲ್ ಬಾಗಿಲು ಎಳೆದುಕೊಳ್ಳುವುದು ವಾಡಿಕೆಯಾಗಿತ್ತು. ತಂಗಿಗೆ ಇನ್ನೂ ಗಂಡು ಗೊತ್ತಾಗದ ಕಾಲದಲ್ಲಿ ಶುರುವಾದ ಗುಟ್ಟು, ಅವಳು ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದಮೇಲೂ ಅಭ್ಯಾಸಬಲದಿಂದ ಮುಂದುವರಿದಿತ್ತು. ಆಂಟಿ ನನ್ನನ್ನು ಏನೂ ಕೇಳಲಿಲ್ಲ. "ತಂಬಿ, ನೀವು ಹೊರಗಿರಿ" ಅಂದವರೇ ಅಮ್ಮನ ಕಡೆ ತಿರುಗಿ "ವಾಂಗ ಅಕ್ಕಾ, ಕೋಯಿಲುಕ್ಕು ಪೋಗಲಾಂ" ಅಂದರು. ಗುಡಿಗೆ ಹೋಗುವುದಾದರೆ ಮಡಿ ಸೀರೆ ಉಡಬೇಕಲ್ಲ. ಅಮ್ಮ ನೆರಿಗೆ ಬಿಟ್ಟರು. ಹತ್ತು ನಿಮಿಷದಲ್ಲಿ ಕುಂಕುಮ ಇಟ್ಟುಕೊಂಡು ಕೂತಿದ್ದರು.

"ನಮ್ಮ ಮಾಮಿಯಾರಿಗೂ ಹಿಂಗೇ ಇತ್ತು," ಅಂದರು ಆಂಟಿ, ನೆಲ ಒರೆಸುತ್ತಾ. "ನಿಮ್ಮ ಮಿಸೆಸ್ ರಾತ್ರಿ ಟೆರೇಸ್ ಮೇಲೆ ನಿಂತಿರ್ತಾರಲ್ಲ, ಗೊತ್ತಾಗ್ತಿತ್ತು. ನೀವಾಗಿ ಹೇಳ್ಲಿಲ್ಲ, ನಾನಾಗಿ ಕೇಳ್ಲಿಲ್ಲ."

ಟೆರೇಸ್ ಮೇಲೆ ನಿಲ್ಲುವ ವಿಷಯ ನನಗೆ ಗೊತ್ತಿರಲಿಲ್ಲ.

ಸಭೆಗಳು ಬೇಡ ಅನ್ನುವುದು ನನ್ನ ಮಾತಲ್ಲ. ಕಾಯಿಲೆ ಗೊತ್ತಾದ ಹೊಸದರಲ್ಲಿ ಅಲ್ಲಿ ಕೇಳಿದ್ದೇ ನನಗೆ ಆಧಾರ. ಆದರೆ ಸಭೆಗೆ ಬರಬಲ್ಲವರು ಮನೆಯಲ್ಲಿ ಬದಲಿ ಆಳಿದ್ದವರು. ಬದಲಿ ಇಲ್ಲದವರಿಗೆ ಏನು ಮಾಡುತ್ತೀರಿ ಎಂದು ಒಂದು ಸಲ ನಾನೇ ಎದ್ದು ಕೇಳಿದೆ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ 1997ರಲ್ಲಿ ಬೆರೆ ಮೀಸೆನ್ ಎಂಬ ಮನಶ್ಶಾಸ್ತ್ರಜ್ಞ ಆಲ್‌ಝೈಮರ್ ಕೆಫೆ ಅಂತ ಶುರುಮಾಡಿದಾಗ ರೋಗಿಯನ್ನೂ ಮನೆಯವರನ್ನೂ ಒಟ್ಟಿಗೇ ಕರೆದರು, ನಾವೂ ಹಾಗೆ ಮಾಡೋಣ ಅಂದೆ. ರ‍್ಯಾಂಪ್ ಇಲ್ಲ, ಟಾಯ್ಲೆಟ್ ಮಹಡಿಯಲ್ಲಿದೆ, ಯಾರಾದರೂ ಬಿದ್ದರೆ ಜವಾಬ್ದಾರಿ ಯಾರದು ಎಂದು ಚರ್ಚೆ ಎದ್ದಿತು. ಇನ್ನೂ ನಡೆಯುತ್ತಿದೆ.

ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಬೇರೊಂದು ಏರ್ಪಾಡಾಯಿತು. ಗುರುವಾರ ಮಧ್ಯಾಹ್ನ ಆಂಟಿ ಮೇಲೆ ಬಂದು ಅಮ್ಮನ ಜೊತೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾರೆ. ಬದಲಿಗೆ ನಾನು ಅವರ ಯಜಮಾನರನ್ನು ಬೌರಿಂಗ್ ಆಸ್ಪತ್ರೆಗೆ ಕರೆದೊಯ್ದು, ಸಕ್ಕರೆ ಮಾತ್ರೆಯ ಸಾಲಿನಲ್ಲಿ ನಿಂತು ಬರುತ್ತೇನೆ. ತಂಗಿ ಭಾನುವಾರ ಮೆಟ್ರೊ ಹಿಡಿದು ಬರುತ್ತಾಳೆ, ಬಂದಾಗಲೆಲ್ಲ ಅಮ್ಮ ಸೊರಗಿದ್ದಾಳೆ ಅಂತ ಅತ್ತಿಗೆಗೆ ಕೇಳುವ ಹಾಗೆ ಅನ್ನುತ್ತಾಳೆ. ಆದರೂ ಬರುತ್ತಾಳಲ್ಲ. ರಾತ್ರಿ ಹೊತ್ತು ಬೇಕಾದರೆ ಇರಲಿ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿ ಅದಕ್ಕೆ ಫೋನ್ ಮಾಡಿದ್ದಾಳೋ ಇಲ್ಲವೋ, ನಾನು ವಿಚಾರಿಸಿಲ್ಲ.

ಸಭೆಗೆ ಅವಳು ಹೋದದ್ದು ಅದೊಂದೇ ಸಲ. "ಮನೇಲೂ ಅತ್ತೆ, ಅಲ್ಲೂ ಅತ್ತೆ ವಿಷಯಾನಾ? ನೀವೇ ಹೋಗಿ, ನಿಮಗೆ ಚೆನ್ನಾಗಿ ಮಾತಾಡಕ್ಕೆ ಬರುತ್ತೆ" ಅಂದಳು. ಗುರುವಾರ ಎರಡಕ್ಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ ಐದಕ್ಕೆ ವಾಪಸು. ಎಲ್ಲಿಗೆ ಹೋಗ್ತೀಯ ಅಂತ ಒಂದು ಸಲ ತಡೆಯಲಾರದೆ ಕೇಳಿದೆ.

"ನೀವು ಶನಿವಾರ ಹೋಗ್ತಿದ್ದಾಗ ನಾನು ಕೇಳಿದ್ನೇನ್ರೀ?" ಅಂದಳು.