ಉಪ್ಪಿಲ್ಲದ ರೊಟ್ಟಿ, ಉಪ್ಪುಂಡ ರಂಜಕ

ಜೋಳದ ರೊಟ್ಟಿಗೆ ಉಪ್ಪು ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಎಸರಿಗೆ ಹಿಟ್ಟು ಹಾಕಿ ನಾದಿ, ಬಡಿದು, ಹಂಚಿನ ಮೇಲೆ ನೀರು ಸವರಿದರೆ ಮುಗಿಯಿತು. ಸಂಕೇಶ್ವರದ ಡಾಕ್ಟರು ಬಿಪಿ ನೋಡಿ, ಗುಳಿಗೆ ಬರೆದು, "ಉಪ್ಪು ಕಡಿಮಿ ಮಾಡ್ರಿ" ಎಂದಾಗ ನಾನು ಇದನ್ನೇ ಮುಂದೆ ಮಾಡಿದೆ: "ನಮ್ಮ ರೊಟ್ಟ್ಯಾಗ ಉಪ್ಪ ಇರೂದಿಲ್ರಿ." ಅವರೂ ಈ ಕಡೆಯವರೇ. "ರೊಟ್ಟಿ ಬರೇ ತಿಂತೀರೇನ್ರಿ?" ಎಂದರು.

ಬರೇ ಯಾರು ತಿನ್ನುತ್ತಾರೆ? ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ, ಎಲ್ಲಕ್ಕೂ ಮೇಲೆ ರಂಜಕ. ಸಂಕೇಶ್ವರ ಮೆಣಸಿನಕಾಯಿಗೆ ಹೆಸರಾದ ಊರು. ಅದರ ಮಗ್ಗುಲಲ್ಲಿರುವ ಕಣಗಲಾದಲ್ಲಿ ರಂಜಕವಿಲ್ಲದ ಮನೆ ಹುಡುಕುವುದು ಕಷ್ಟ. ಅವ್ವ ಕೆಂಪು ಹಣ್ಣುಮೆಣಸಿನಕಾಯಿಯನ್ನು ಒರೆಸಿ, ತೊಟ್ಟು ಮುರಿದು, ಬಳ್ಳೊಳ್ಳಿ, ಹುರಿದ ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬುತ್ತಿದ್ದಳು. ಲಿಂಬಿಹಣ್ಣು ಹಿಂಡಿದ ಮೇಲೆ ಹರಳುಪ್ಪಿನ ಸರದಿ. ಮುಷ್ಟಿ ತುಂಬಿ ಹಾಕುವಳು, ಒಂದು ಕ್ಷಣ ಯೋಚಿಸಿ ಇನ್ನೊಂದು ಮುಷ್ಟಿ. ಬರಣಿಯ ಬಾಯಿಗೆ ಬಟ್ಟೆ ಕಟ್ಟಿದರೆ ಮುಂದಿನ ಸುಗ್ಗಿಯವರೆಗೆ ಕೆಡುವಂತಿಲ್ಲ. ಪಾಪ, ಮೆಣಸಿನಕಾಯಿಗೆ ಕೆಟ್ಟ ಹೆಸರು. ಬಿಪಿ ಏರಿಸುವುದು ಖಾರವಲ್ಲ, ಅದನ್ನು ಕೆಡದಂತೆ ಕಾಯುವ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಅಂದರೆ ಒಂದು ಚಹಾ ಚಮಚೆಯೊಳಗೆ.

ಹಿರಣ್ಯಕೇಶಿಯ ದಂಡೆಯಲ್ಲಿ ಕಬ್ಬು ಬೆಳೆದೀತು, ಉಪ್ಪು ಬೆಳೆಯದು. ಅದು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು, ಬ್ರಿಟಿಷರ ಕಾಲದಲ್ಲಿ ಮೇಲೆ ತೆರಿಗೆ ಬೇರೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಂಕೋಲಾದಲ್ಲಿ ಉಪ್ಪಿನ ಕಾಯ್ದೆ ಮುರಿದರು. ತೆರಿಗೆ ಹೋಗಿದ್ದು 1947ರಲ್ಲಿ. ಬಿಸಿಲಲ್ಲಿ ದುಡಿದು ಬೆವರುವ ಬಡವನಿಗೇ ಉಪ್ಪು ಹೆಚ್ಚು ಬೇಕು, ತೆರಿಗೆಯ ಪೆಟ್ಟೂ ಅವನಿಗೇ ಹೆಚ್ಚು ಎಂಬುದು ಗಾಂಧೀಜಿಯ ವಾದ. ಗುದ್ದಲಿ ಹಿಡಿದು ಕಬ್ಬಿಗೆ ನೀರು ಹಾಯಿಸಿದ ನನ್ನ ಅಜ್ಜನಿಗೆ ಆ ಮಾತು ಒಪ್ಪುತ್ತಿತ್ತು. ನಾನೋ ಕುರ್ಚಿಯ ಮೇಲೆ ಕೂತು ಲೆಕ್ಕ ಬರೆದವನು. ಅಜ್ಜನ ಬೆವರು ನನಗೆ ಬರಲಿಲ್ಲ, ನಾಲಗೆ ಮಾತ್ರ ಬಂತು.

ಪಥ್ಯದ ಚರಿತ್ರೆ ಓದಿದರೆ ಸ್ವಲ್ಪ ಸಮಾಧಾನ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ 1939ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆಯನ್ನಷ್ಟೇ ಕೊಡತೊಡಗಿದ. ಉಪ್ಪು ಇಲ್ಲವೆಂದರೂ ನಡೆಯುತ್ತದೆ. ಅನೇಕರ ಬಿಪಿ ಇಳಿಯಿತು; ನಾಲಗೆಗೆ ಮಾತ್ರ ಶಿಕ್ಷೆ. 1997ರಲ್ಲಿ ಬಂದ ಡ್ಯಾಶ್ ಅಧ್ಯಯನ ಹೆಚ್ಚು ಕರುಣೆಯದು. ಉಪ್ಪಿನ ಅಳತೆ ಹಾಗೇ ಇಟ್ಟು ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು-ಮೊಸರು ಹೆಚ್ಚಿಸಿದ್ದಕ್ಕೇ ಬಿಪಿ ಇದ್ದವರ ಮೇಲಿನ ಅಂಕಿ ಸುಮಾರು 11 ಇಳಿದಿತ್ತು.

ನಮ್ಮ ತಾಟಿನ ಅಂಚಿನಲ್ಲಿ ಇದೆಲ್ಲ ಇದ್ದೇ ಇದೆಯಲ್ಲ! ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ, ಸವತಿಕಾಯಿ, ಮೆಂತ್ಯ, ಗಟ್ಟಿ ಮೊಸರು. ಅಂಚಿನಲ್ಲಿದ್ದದ್ದನ್ನು ನಡುವಿಗೆ ತಂದು, ನಡುವೆ ಕೂತಿದ್ದ ರಂಜಕವನ್ನು ಅಂಚಿಗೆ ಸರಿಸಿದೆ. ಗುಳಿಗೆಯನ್ನಂತೂ ಬಿಟ್ಟಿಲ್ಲ. ಬಿಪಿ ಇಳಿಯಿತೆಂದು ತಾವೇ ಗುಳಿಗೆ ಬಿಡುವ ಜಾಣರು ಊರಲ್ಲಿ ಬೇಕಾದಷ್ಟು ಇದ್ದಾರೆ.

ರಂಜಕಕ್ಕೆ ಅಷ್ಟು ಉಪ್ಪು ಬೇಕಾಗಿದ್ದು ವರ್ಷವಿಡೀ ಕೆಡದಿರಲಿ ಎಂದು. ಈಗ ಆ ಕೆಲಸಕ್ಕೆ ಫ್ರಿಜ್ ಇದೆ. ಹುಕ್ಕೇರಿ ತಾಲೂಕಿಗೆ ಕರೆಂಟ್ ಹಂಚಲು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿದವರು ನಮ್ಮ ಬರಣಿಯ ಉಪ್ಪನ್ನೂ ಕಡಿಮೆ ಮಾಡಬಹುದೆಂದು ಎಣಿಸಿರಲಿಕ್ಕಿಲ್ಲ. ನಮ್ಮಾಕೆ ಈಗ ಉಪ್ಪು ಅರ್ಧಕ್ಕೆ ಇಳಿಸಿ, ಲಿಂಬಿಹಣ್ಣು ಏರಿಸಿ, ಸ್ವಲ್ಪ ಸ್ವಲ್ಪವೇ ರುಬ್ಬಿ ಫ್ರಿಜ್ಜಿನಲ್ಲಿ ಇಡುತ್ತಾಳೆ. ಅದಕ್ಕೊಂದು ಷರತ್ತು ಹಾಕಿದ್ದಾಳೆ: "ಘಳಿಗಿಗೊಮ್ಮೆ ರುಬ್ಬೂದಾದ್ರ ಬಳ್ಳೊಳ್ಳಿ ನೀವ ಸುಲೀರಿ." ಸಣ್ಣ ಎಸಳಿನ ಜವಾರಿ ಬಳ್ಳೊಳ್ಳಿ; ಉಗುರಿನ ಸಂದಿಯಲ್ಲಿ ಉರಿ, ಕೈಯ ವಾಸನೆ ಸಂಜೆಯಾದರೂ ಬಿಡುವುದಿಲ್ಲ.