ಇಲಿ, ಪತಂಗ ಮತ್ತು ನಮ್ಮ ಠ

ನಮ್ಮ ಕಡೆಯ ಶಾಲೆಗಳಲ್ಲಿ ಕಂಪ್ಯೂಟರಿಗೆ ಸಲ್ಲುವಷ್ಟು ಮರ್ಯಾದೆ ಮುಖ್ಯೋಪಾಧ್ಯಾಯರಿಗೂ ಸಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕ ಕೋಣೆ, ಕೋಣೆಗೆ ಬೀಗ, ಮೈಗೆ ಹೊದಿಕೆ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಕೈಮುಗಿಯುತ್ತೇವೆ. ಉಳಿದ 364 ದಿನವೂ ದೂರದಿಂದಲೇ ನಮಸ್ಕಾರ! ಮನೆಯಲ್ಲೂ ಕಥೆ ಬೇರೆಯಲ್ಲ. "ಅಮ್ಮಾ, ನೀನು ಮುಟ್ಟಬೇಡ, ಏನಾದರೂ ಆದೀತು" ಎಂದು ಮಕ್ಕಳು ಹೇಳುವುದು, ನಾವು ಸೆರಗೂ ತಾಗದಂತೆ ಸರಿದು ಅಡುಗೆಮನೆಗೆ ಹೋಗುವುದು, ಇದು ಎಲ್ಲರ ಮನೆಯ ಕಥೆ.

ಈ ಹೆದರಿಕೆಗೆ ತೆರುವ ಬೆಲೆ ಮಾತ್ರ ಸಣ್ಣದಲ್ಲ. ಗ್ಯಾಸ್ ಬುಕ್ ಮಾಡಲು ಮಗ ಬೇಕು, ಪಿಂಚಣಿ ಬಂತೇ ನೋಡಲು ಅಳಿಯ ಬೇಕು, ಕರೆಂಟ್ ಬಿಲ್ ಕಟ್ಟಲು ಪಕ್ಕದ ಮನೆಯ ಹುಡುಗ ಬೇಕು. ಸ್ವಂತ ದುಡಿಮೆಯ ಹಣದ ಗುಟ್ಟಿನ ಸಂಖ್ಯೆ ಬೀದಿಗೆಲ್ಲ ಗೊತ್ತು, ಒಡತಿಗೊಬ್ಬಳಿಗೆ ಗೊತ್ತಿಲ್ಲ! ಹೆದರಿಕೆಗೆ ನಾನು ಕಂಡುಕೊಂಡ ಮದ್ದು ನಗು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅವಳ ತವರಿನ ಕಥೆ ಕೇಳುತ್ತೇವಲ್ಲ, ಹಾಗೆ ಈ ಯಂತ್ರದ ತವರಿನ ಕಥೆ ಹುಡುಕುತ್ತಾ ಹೋದೆ. ಹುಡುಕಿದರೆ, ಇದು ನಮ್ಮ ಊರುಗಳಿಗೇ ನಂಟು!

ಮೊದಲು ಕೀಲಿಮಣೆ. ಹೆಸರಲ್ಲೇ ಮಣೆ ಇದೆ ನೋಡಿ. ಈಳಿಗೆಮಣೆ, ತುರಿಯೋಮಣೆ, ಲಟ್ಟಣಿಗೆಮಣೆ, ಅಳಗುಳಿಮಣೆ ಎಲ್ಲವನ್ನೂ ಪಳಗಿಸಿದ ಕೈಗೆ ಇನ್ನೊಂದು ಮಣೆ ಯಾವ ಲೆಕ್ಕ? ಈಳಿಗೆಮಣೆಯಾದರೂ ಬೆರಳು ಕೊಯ್ಯುತ್ತದೆ, ಇದು ಅದನ್ನೂ ಮಾಡದು. ಹಿಂದೆ ಕಂಪ್ಯೂಟರಿನ ತೆರೆಯ ಮೇಲೆ ಇಂಗ್ಲಿಷಿನಲ್ಲಿ "ಪ್ರೆಸ್ ಎನಿ ಕೀ" ಎಂದು ಬರುತ್ತಿತ್ತು, ಯಾವ ಕೀಲಿಯನ್ನಾದರೂ ಒತ್ತಿ ಎಂದು ಅರ್ಥ. ನಮ್ಮವರೊಬ್ಬರು ಕನ್ನಡಕ ಸರಿಮಾಡಿಕೊಂಡು ಏಣಿಯ ಚಿತ್ರವಿರುವ ಕೀಲಿಯನ್ನು ಹತ್ತು ನಿಮಿಷ ಹುಡುಕಿದರು. ನಗಬೇಡಿ. ಇಂಗ್ಲಿಷೇ ತಾಯ್ನುಡಿಯಾದ ಅಮೆರಿಕದಲ್ಲೂ ಜನ "ಎನಿ" ಎಂಬ ಕೀಲಿ ಎಲ್ಲಿದೆ ಎಂದು ಕೇಳುತ್ತಿದ್ದರು. ಕಡೆಗೆ ಕಾಂಪ್ಯಾಕ್ ಎಂಬ ಕಂಪನಿ, ಅಂಥ ಕೀಲಿಯೇ ಇಲ್ಲವೆಂದು ತನ್ನ ಪ್ರಶ್ನೋತ್ತರ ಪಟ್ಟಿಯಲ್ಲಿ ಬರೆದು ತಿಳಿಸಬೇಕಾಯಿತು. ನಮ್ಮವರಾದರೂ ಏಣಿಯನ್ನು ಹುಡುಕಿದರು, ಅದಕ್ಕೊಂದು ಅರ್ಥವಿತ್ತು!

ಇನ್ನು ಇಲಿ. ಗಣಕ ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಗಣಪನೇ ನೆನಪಾಗುತ್ತಾನೆ. ಇಬ್ಬರಿಗೂ ಇಲಿ ಬೇಕಲ್ಲ! ಈ ಇಲಿ ಹುಟ್ಟಿದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿದರು, ಬಿಲ್ ಇಂಗ್ಲಿಷ್ ಮಾಡಿಕೊಟ್ಟರು. ಯಾವುದರಿಂದ ಮಾಡಿದರು ಅಂತೀರಿ? ಮರದಿಂದ! ಒಂದು ಮರದ ಡಬ್ಬಿ, ಅಡಿಯಲ್ಲಿ ಎರಡು ಚಕ್ರ, ಮೇಲೊಂದು ಗುಂಡಿ, ಬಾಲದಂತೆ ಒಂದು ತಂತಿ. ಇದನ್ನು ಓದಿದ ದಿನ ನನಗೆ ಚನ್ನಪಟ್ಟಣದ ಗೊಂಬೆಯ ಬೀದಿಯೇ ಕಣ್ಣಿಗೆ ಕಟ್ಟಿತು. ನಮ್ಮವರ ಕೈಗೆ ಕೊಟ್ಟಿದ್ದರೆ ಆಲೆ ಮರವನ್ನು ನುಣ್ಣಗೆ ಕಡೆದು, ಕೆಂಪು ಹಳದಿ ಅರಗು ಹಚ್ಚಿ, ಎರಡು ಕಿವಿಯನ್ನೂ ಮೀಸೆಯನ್ನೂ ಸೇರಿಸಿ ಕೊಡುತ್ತಿದ್ದರು. ಕೂಸು ಬಾಯಿಗಿಟ್ಟುಕೊಂಡರೂ ಭಯವಿರುತ್ತಿರಲಿಲ್ಲ.

ಕಂಪ್ಯೂಟರಿನ ಕೆಲಸದಲ್ಲಿ ದೋಷ ಬಂದರೆ "ಬಗ್" ಇದೆ ಎನ್ನುತ್ತಾರೆ. ಬಗ್ ಎಂದರೆ ಹುಳ. ಯಂತ್ರದ ದೋಷಕ್ಕೆ ಈ ಮಾತು ಹತ್ತೊಂಬತ್ತನೇ ಶತಮಾನದಿಂದಲೇ ಬಳಕೆಯಲ್ಲಿತ್ತು. ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ದೈತ್ಯ ಗಣಕದೊಳಗೆ ನಿಜವಾಗಿಯೂ ಒಂದು ಹುಳ ಸಿಕ್ಕಿತು. ಒಂದು ಪತಂಗ! ಅದನ್ನು ತೆಗೆದು, ದಿನಚರಿ ಪುಸ್ತಕದಲ್ಲಿ ಅಂಟಿಸಿಟ್ಟರು. ಆ ಪುಸ್ತಕ ಈಗ ಅಲ್ಲಿಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪತಂಗ ಕಂಡರೆ ಅವರಿಗೆ ಕೆಲಸ ಕೆಟ್ಟಿತು, ನಮಗೆ ಬದುಕು ನಡೆಯಿತು. ರಾಮನಗರದಲ್ಲಿ ರೇಷ್ಮೆಗೂಡಿನ ಅಷ್ಟು ದೊಡ್ಡ ಮಾರುಕಟ್ಟೆ ನಡೆಯುವುದು ಯಾರ ದೆಸೆಯಿಂದ? ಮಾಗಡಿ ಕಡೆಯ ಬಿತ್ತನೆ ಗೂಡಿನಿಂದ ಹೊರಬಂದ ಪತಂಗ ಮೊಟ್ಟೆಯಿಟ್ಟರಲ್ಲವೇ ಮುಂದಿನ ಹುಳ, ಮುಂದಿನ ಗೂಡು, ಮುಂದಿನ ಮದುವೆ ಸೀರೆ?

ಹುಳದ ಮಾತು ಬಂದಾಗ ನಮ್ಮ ಮಕ್ಕಳದೇ ಒಂದು ತಮಾಷೆ ಹೇಳಬೇಕು. ಕಂಪ್ಯೂಟರ್ ಕೆಲಸದ ನಡುವೆ ಕಲ್ಲಿನಂತೆ ನಿಂತುಬಿಡುತ್ತದಲ್ಲ, ಅಂಥ ಒಂದು ದಿನ, ಮನೆಯಲ್ಲಿ ಹುಳ ಸಾಕುವ ಕನಕಪುರದ ಕಡೆಯ ಹುಡುಗನೊಬ್ಬ ಗಂಭೀರವಾಗಿ ಹೇಳಿದ: "ಜ್ವರಕ್ಕೆ ಕೂತದೆ ಮಿಸ್, ಮುಟ್ಬೇಡಿ. ಎದ್ಮೇಲೆ ತಾನೇ ಮೇಯ್ತದೆ." ರೇಷ್ಮೆ ಹುಳ ಪೊರೆ ಬಿಡುವ ಮುನ್ನ ಸೊಪ್ಪು ತಿನ್ನದೆ ತಲೆಯೆತ್ತಿ ಅಲುಗದೆ ಕೂರುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಕೆಣಕಬಾರದು. ಎಂಥ ಒಳ್ಳೆಯ ಬುದ್ಧಿಮಾತು! ನಿಂತ ಯಂತ್ರದ ಮೇಲೆ ಹತ್ತು ಕೀಲಿ ಕುಟ್ಟುವವರಿಗೆ ಇದನ್ನು ಬರೆದು ಅಂಟಿಸಬೇಕು.

ರೇಷ್ಮೆಯ ನಂಟು ಅಲ್ಲಿಗೇ ಮುಗಿಯಲಿಲ್ಲ. ಫ್ರಾನ್ಸಿನ ಲಿಯಾನ್ ರೇಷ್ಮೆ ನೇಯುವ ಊರು. ಅಲ್ಲಿಯ ಜಕಾರ್ಡ್ 1804ರಲ್ಲಿ ತೂತಿನ ರಟ್ಟುಗಳಿಂದ ನಡೆಯುವ ಮಗ್ಗ ಮಾಡಿದ. ರಟ್ಟಿನಲ್ಲಿ ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಏಳು, ಏಳಬೇಡ, ಹೌದು, ಅಲ್ಲ. ಈ ಎರಡೇ ಮಾತಿನಲ್ಲಿ ಸೆರಗಿನ ನವಿಲೂ ಮಾವಿನಕಾಯಿಯೂ ಮೂಡುತ್ತವೆ. ಕಂಪ್ಯೂಟರಿನ ಒಂದು ಮತ್ತು ಸೊನ್ನೆ ಇದೇ ಜಾತಿಯವು. ಗಣಕಯಂತ್ರದ ಕನಸು ಕಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಈ ರಟ್ಟಿನ ಉಪಾಯವನ್ನೇ ತನ್ನ ಯಂತ್ರಕ್ಕೂ ತಂದ. ಹಾಗಾಗಿ ಬೀರುವಿನಲ್ಲಿ ರೇಷ್ಮೆ ಸೀರೆ ಇಟ್ಟುಕೊಂಡವಳು ತನಗೆ ಕಂಪ್ಯೂಟರ್ ಗೊತ್ತಿಲ್ಲ ಎನ್ನುವಂತಿಲ್ಲ!

ಪತಂಗದ ಕಥೆಯನ್ನು ಊರೂರಿಗೆ ಹೇಳಿ ನಗಿಸುತ್ತಿದ್ದವರು ಒಬ್ಬ ಹೆಂಗಸು, ಗ್ರೇಸ್ ಹಾಪರ್. ಅವರು ಮೊದಲು ನಮ್ಮ ಹಾಗೆ ಮೇಡಂ. ವಾಸರ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. 1943ರಲ್ಲಿ ನೌಕಾಪಡೆ ಸೇರಿ, ಗಣಕಕ್ಕೆ ಮನುಷ್ಯರ ಮಾತು ತಿಳಿಯುವಂತೆ ಮಾಡುವ ಕೆಲಸಕ್ಕೆ ಕೈಹಾಕಿದರು. 1986ರಲ್ಲಿ ನಿವೃತ್ತರಾದಾಗ ಅವರಿಗೆ 79 ವರ್ಷ. ಐವತ್ತಕ್ಕೇ "ನಮ್ಮದೇನಿದೆ ಇನ್ನು" ಎನ್ನುವವರು ಒಮ್ಮೆ ಅವರನ್ನು ನೆನೆಯಬೇಕು.

ಇಷ್ಟೆಲ್ಲ ಕಂಡರೂ, ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ನಮ್ಮದೇ ವರ್ಣಮಾಲೆಯ ಒಂದು ಅಕ್ಷರ. ಠ! ಪಾಪದ ಅಕ್ಷರ. ಠಸ್ಸೆ, ಠಾಣೆ, ಠೇವಣಿ, ಠಕ್ಕ ಎನ್ನುವಷ್ಟರಲ್ಲಿ ಅದರ ಸಂಸಾರ ಮುಗಿಯಿತು. ಆದರೆ ಕನ್ನಡ ಯೂನಿಕೋಡ್ ಸೇರಿ, ನಮ್ಮ ಅಕ್ಷರಗಳು ಎಲ್ಲರ ಕಂಪ್ಯೂಟರಿಗೂ ಹೋದ ಮೇಲೆ, ಯಾರೋ ಹೊರಗಿನವರ ಕಣ್ಣಿಗೆ ಇದು ಬಿತ್ತು. ದುಂಡು ಕಣ್ಣು, ನಡುವೆ ಪಾಪೆಯಂಥ ಚುಕ್ಕೆ, ಮೇಲೆ ಹುಬ್ಬಿನಂಥ ತಲೆಕಟ್ಟು. ಎರಡು ಠ, ನಡುವೆ ಬಾಯಿಗೊಂದು ಗೆರೆ: ಠ_ಠ. ನೋಡಿ, "ಏನಿದು ನಿನ್ನ ಅವತಾರ?" ಎಂದು ದುರುಗುಟ್ಟುವ ಮುಖ! 2000ದ ದಶಕದ ಕೊನೆಯ ಹೊತ್ತಿಗೆ ಇದು ಲೋಕವೆಲ್ಲ ಸುತ್ತಿತು. ಕನ್ನಡದ ಗಂಧವಿಲ್ಲದವರೂ ಅಸಮ್ಮತಿ ಸೂಚಿಸಲು ನಮ್ಮ ಠವನ್ನೇ ಬರೆದರು. ಅಳುವ ಮುಖಕ್ಕೆ ಥವನ್ನು ಎರವಲು ಪಡೆದರು: ಥ_ಥ.

ನಮ್ಮಲ್ಲಿ ಒಬ್ಬ ಹಿರಿಯ ಕನ್ನಡ ಮೇಡಂ ಇದ್ದರು. ಮೂವತ್ತು ವರ್ಷ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವರು. ಹಾಜರಿ, ಅಂಕ, ಬಿಸಿಯೂಟದ ಲೆಕ್ಕ ಎಲ್ಲವೂ ಕಂಪ್ಯೂಟರಿಗೆ ಹೋದಾಗ ಅವರು ಕುಗ್ಗಿಹೋದರು. ಮೊನ್ನೆ ಮೊನ್ನೆ ಸೇರಿದ ಹುಡುಗರ ಮುಂದೆ ದಿನವೂ ಕೈಕಟ್ಟಿ ನಿಲ್ಲುವುದು ಅವರಿಗೆ ಆಗಲಿಲ್ಲ. ಸ್ವಯಂ ನಿವೃತ್ತಿಯ ಅರ್ಜಿ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಇನ್ನೂ ಮೂರು ವರ್ಷ ಸೇವೆಯಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಅವರಿಗೆ ಈ ಠ ಕಥೆ ಹೇಳಿದೆ. ನಂಬಲಿಲ್ಲ. ಕರೆದುಕೊಂಡು ಹೋಗಿ ಕೂರಿಸಿದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ನುಡಿ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಇಂಗ್ಲಿಷಿನ ಕ್ಯೂ ಒತ್ತಿದರೆ ಠ ಬರುತ್ತದೆ. ಒಂದೇ ಬೆರಳಿನಿಂದ ಒತ್ತಿದರು. ಗೆರೆ. ಇನ್ನೊಂದು ಠ. ತೆರೆಯ ಮೇಲೆ ಆ ಮುಖ ಮೂಡಿದ್ದೇ ತಡ, "ಅಯ್ಯೋ, ಇದು ನಾನೇ ಕಣ್ರೀ! ಹೋಂವರ್ಕ್ ತರದವರನ್ನು ನೋಡೋದು ಹೀಗೇ" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ತಮ್ಮ ಹೆಸರು ಟೈಪು ಮಾಡಿದರು, ಆಮೇಲೆ ಒಂದು ರಜಾಚೀಟಿ, ತಿಂಗಳೊಪ್ಪತ್ತಿನಲ್ಲಿ ಒಂದು ಪ್ರಶ್ನೆಪತ್ರಿಕೆ. ಅರ್ಜಿ ಡ್ರಾಯರಿನಲ್ಲೇ ಹಳದಿಯಾಯಿತು. ಅವರು ವಯೋನಿವೃತ್ತಿಯ ದಿನವೇ ಹಾರ ಹಾಕಿಸಿಕೊಂಡು ಹೋದರು.

ಪ್ರೆಷರ್ ಕುಕ್ಕರ್ ಹೊಸದಾಗಿ ಬಂದಾಗ ನಮ್ಮ ತಾಯಂದಿರು ಬಾಗಿಲ ಮರೆಯಲ್ಲಿ ನಿಂತು ಸೀಟಿ ಎಣಿಸಿದವರು. ಇಂದು ಮೂರು ಸೀಟಿಗೆ ಅನ್ನ, ನಾಲ್ಕಕ್ಕೆ ಬೇಳೆ ಎಂದು ಕಣ್ಣುಮುಚ್ಚಿ ಹೇಳುತ್ತೇವೆ. ಇದೂ ಹಾಗೆಯೇ. ನೆಟ್ ಹೋದಾಗ ಕ್ರೋಮ್‌ನಲ್ಲಿ ಒಂದು ಪುಟಾಣಿ ಡೈನೋಸಾರ್ ಕಾಣಿಸುತ್ತದೆ, 2014ರಲ್ಲಿ ಅದನ್ನು ಸೇರಿಸಿದರು. ಉದ್ದನೆಯ ಸ್ಪೇಸ್ ಕೀಲಿ ಒತ್ತಿ, ಅದು ಕಳ್ಳಿ ಗಿಡಗಳನ್ನು ಹಾರುತ್ತಾ ಓಡುತ್ತದೆ. ಅಲ್ಲಿಂದಲೇ ಶುರುಮಾಡಿ. ಬೆರಳಿಗೆ ಸಲಿಗೆ ಬಂದ ಮೇಲೆ ನಿಮ್ಮ ಗುಟ್ಟಿನ ಸಂಖ್ಯೆಯನ್ನು ನೀವೇ ಬದಲಿಸಿಕೊಳ್ಳಿ, ಯಾರಿಗೂ ಹೇಳಬೇಡಿ. "ನನ್ನ ಕೈಲಾಗುತ್ತದೆಯೇ?" ಎಂದು ಇನ್ನೂ ಅನುಮಾನಿಸುತ್ತಾ ಕುಳಿತವರಿಗೆ ನಾನು ಮೇಡಂ ಆಗಿ ಹೇಳುವುದು ಇಷ್ಟೇ:

ಠ_ಠ