ತೋಟದ ಮಣ್ಣಿಗೆ ಕರಿಯ ಮದ್ದು

ಹಾನಗಲ್ಲಿನಿಂದ ತೆಂಕಣಕ್ಕೆ ಹೊರಟ ಪ್ರವಾಸಿಕನನ್ನು ತಿಳವಳ್ಳಿಯಲ್ಲಿ ಮೊದಲು ತಡೆದು ನಿಲ್ಲಿಸುವುದು ಶಾಂತೇಶ್ವರ ದೇವಾಲಯ. ಸೇವುಣ ಅರಸರ ಕಾಲದಲ್ಲಿ, 1238ರ ಸುಮಾರಿಗೆ, ಬಳಪದ ಕಲ್ಲಿನಲ್ಲಿ ಕಟ್ಟಿದ ಗುಡಿಯಿದು. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಗುಡಿಗಿಂತ ಎಷ್ಟೋ ಹಳೆಯದಾದ ಇಲ್ಲಿಯ ಮಣ್ಣನ್ನು ನೋಡಲು ಮಾತ್ರ ಯಾರೂ ಬರುವುದಿಲ್ಲ.

ತಿಳವಳ್ಳಿ ಮಲೆನಾಡಿನ ಸೆರಗಿನಲ್ಲಿದೆ. ಭತ್ತ, ಮೆಕ್ಕೆಜೋಳಗಳ ನಡುವೆ ಈ ಸೀಮೆಯಲ್ಲಿ ಅಡಿಕೆಯ ತೋಟಗಳೂ ಹಬ್ಬಿವೆ. ಮಲೆನಾಡಿನ ಮಳೆಯಲ್ಲಿ ಅಡಿಕೆಗೆ ಅಂಟಿಕೊಂಡೇ ಇರುವ ಶತ್ರುವೆಂದರೆ ಕೊಳೆರೋಗ. (ಈ ಅಚ್ಚಗನ್ನಡದ ಹೆಸರು ಹೊರದೇಶದ ಶಾಸ್ತ್ರಗ್ರಂಥಗಳಲ್ಲಿಯೂ ಹಾಗೆಯೇ ಉಳಿದಿದೆ!) ತಿಳವಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ, ಗಡಿಯಾಚೆಯ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು, ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬೆಳೆಗಾರರಲ್ಲಿ ಬಳಕೆಗೆ ತಂದರು. ಎಷ್ಟೋ ಕುಟುಂಬಗಳ ಅನ್ನ ಉಳಿಸಿದ ಉಪಾಯವದು.

ಆದರೆ ಅದಕ್ಕೊಂದು ಲೆಕ್ಕವಿದೆ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲುಭಾಗ ತಾಮ್ರ. ಗೊನೆಗೆ ಹೊಡೆದ ಮದ್ದು ಮಳೆಯಲ್ಲಿ ತೊಳೆದು ಬುಡಕ್ಕಿಳಿಯುತ್ತದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷವರ್ಷವೂ ಮೇಲ್ಮಣ್ಣಿನಲ್ಲಿಯೇ ಕೂಡಿಕೊಳ್ಳುತ್ತದೆ. ಈ ದ್ರಾವಣದ ತವರಾದ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಅದು ಎಷ್ಟು ಸೇರಿತೆಂದರೆ, ಯುರೋಪಿನ ಒಕ್ಕೂಟವು 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಕೂಡದೆಂದು ವಿಧಿಸಿತು. ರೋಗದ ಅಣುಜೀವಿಯನ್ನು ಕೊಲ್ಲುವ ತಾಮ್ರಕ್ಕೆ ಹಿತಶತ್ರುಗಳ ಭೇದ ತಿಳಿಯದು. ಬೇರಿಗೆ ರಂಜಕವನ್ನು ಒದಗಿಸುವ ಶಿಲೀಂಧ್ರ, ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾ, ಎರೆಹುಳು, ಎಲ್ಲಕ್ಕೂ ಅದು ವಿಷವೇ.

ಇಲ್ಲಿ ನೆರವಿಗೆ ಬರಬಲ್ಲುದು ಇದ್ದಿಲು. ಅಡಿಕೆಯ ಸಿಪ್ಪೆಯನ್ನೋ ಮೆಕ್ಕೆಜೋಳದ ದಂಟನ್ನೋ ಗಾಳಿಯಾಡದಂತೆ ಮುಚ್ಚಿ 400ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಅದು ಬೂದಿಯಾಗದೆ ಕರಿಯಾಗುತ್ತದೆ. ಬಯೋಚಾರ್ ಎಂದು ಹೆಸರಾದ ಈ ಕರಿಯ ಮೈತುಂಬ ಸೂಕ್ಷ್ಮರಂಧ್ರಗಳು. ಅದು ಮಣ್ಣಿನ ಹುಳಿಯನ್ನು ತಗ್ಗಿಸಿ ತಾಮ್ರವನ್ನು ತನ್ನ ಮೈಗೆ ಕಟ್ಟಿಕೊಳ್ಳುತ್ತದೆ. ತಾಮ್ರ ಎಲ್ಲಿಯೂ ಹೋಗುವುದಿಲ್ಲ; ಬೇರಿಗೂ ಅಣುಜೀವಿಗಳಿಗೂ ಸುಲಭವಾಗಿ ಎಟಕುವುದಿಲ್ಲ, ಅಷ್ಟೇ. ಆ ರಂಧ್ರಗಳಲ್ಲಿ ತೇವ ನಿಲ್ಲುತ್ತದೆ, ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ, ಶಿಲೀಂಧ್ರದ ಎಳೆಗಳು ಹೊಕ್ಕು ಹೊರಡುತ್ತವೆ.

ಇದು ಸರ್ವರೋಗಕ್ಕೂ ಮದ್ದಲ್ಲ. ತಾಮ್ರ, ಸೀಸ, ಕ್ಯಾಡ್ಮಿಯಮ್ಮುಗಳನ್ನು ಹಿಡಿಯುವ ಈ ಕರಿ, ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಅದನ್ನು ಸಡಿಲಿಸಿಬಿಡುವುದೂ ಉಂಟು. ಹಸಿದ ಕರಿಯನ್ನು ನೇರವಾಗಿ ಸುರಿದರೆ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಅದೇ ಕೆಲವು ಕಾಲ ಹೀರಿಕೊಳ್ಳುತ್ತದೆ. ಆದ್ದರಿಂದ ಮೊದಲು ಗೋಮೂತ್ರದಲ್ಲಿ ನೆನೆಸಿಯೋ ತಿಪ್ಪೆಯ ಗೊಬ್ಬರದಲ್ಲಿ ಕಲಸಿಟ್ಟೋ ಬಳಸುವುದು ಲೇಸು. ಮದ್ದನ್ನು ಅಗತ್ಯಕ್ಕಿಂತ ಹೆಚ್ಚು ಹೊಡೆಯದಿರುವುದು ಇವೆಲ್ಲಕ್ಕಿಂತ ಮೊದಲಿನ ಮಾತು.

ಕಂಪು ಮಣ್ಣಿಗೆ ಬೆಂಕಿಯ ಉಪಕಾರ ಕನ್ನಡನಾಡಿಗೆ ಹೊಸದೇನಲ್ಲ. ತರಗು, ಕಸಕಡ್ಡಿಗಳ ಮೇಲೆ ಮಣ್ಣು ಹೇರಿ ನಿಧಾನವಾಗಿ ಬೇಯಿಸುವ ‘ಸುಡುಮಣ್ಣು’ ಕರಾವಳಿ, ಮಲೆನಾಡುಗಳ ಹಿರಿಯರಿಗೆ ಪರಿಚಿತವಾದ ಗೊಬ್ಬರ. ಆದರೆ ಅಡಿಕೆ ಸುಲಿಯುವ ಕಾಲದಲ್ಲಿ ಇಂದಿಗೂ ಮಲೆನಾಡಿನ ರಸ್ತೆಗಳ ಬದಿಯಲ್ಲಿ ಸಿಪ್ಪೆಯ ರಾಶಿಗಳು ಬಯಲಿನಲ್ಲಿಯೇ ಹೊಗೆಯಾಡುತ್ತ ಬೂದಿಯಾಗುತ್ತಿರುತ್ತವೆ.